ಹೆಬ್ಬೆರಳಿಲ್ಲದ ಹೆಜ್ಜೆ

ಬಹಳ ಹಿಂದೆ, ಆನೆಗೂ ಮನುಷ್ಯನಿಗೂ ಒಂದೇ ಬೀದಿ ಸಾಕಾಗುತ್ತಿದ್ದ ಕಾಲದಲ್ಲಿ, ಮಣಿಘಟ್ಟ ಎಂಬ ಒಂದು ರಾಜ್ಯವಿತ್ತು. ಪೃಥುಕೇತು ಎಂಬವನು ಅದನ್ನು ಆಳುತ್ತಿದ್ದ. ರಾಜ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯವರಲ್ಲಿ ಕೆಲವರಿಗಿರುವ ಒಂದು ಕೊರತೆ ಅವನಿಗೂ ಇತ್ತು. ತನ್ನ ಕಣ್ಣೆದುರು ನಡೆದದ್ದೆಲ್ಲ ಸರಿಯಾಗಿಯೇ ನಡೆದಿದೆ ಎಂದು ನಂಬಿ ಅವನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ.

ಮಣಿಘಟ್ಟದಲ್ಲಿ ನ್ಯಾಯ ಹೇಳುತ್ತಿದ್ದದ್ದು ಒಂದು ಆನೆ. ಅದರ ಹೆಸರು ನೀಲವ್ವ. ಯಾರಾದರೂ ಜಗಳವಾಡಿಕೊಂಡು ಬಂದರೆ ಅರಮನೆಯ ಮುಂದಿನ ಅಂಗಳಕ್ಕೆ ನೀರು ಚಿಮುಕಿಸಿ ನೆಲವನ್ನು ಹಸಿ ಮಾಡುತ್ತಿದ್ದರು. ಇಬ್ಬರೂ ಬರಿಗಾಲಲ್ಲಿ ಆ ನೆಲದ ಮೇಲೆ ನಿಂತು ತಮ್ಮ ತಮ್ಮ ಮಾತು ಹೇಳಬೇಕು. ನೀಲವ್ವ ಇಬ್ಬರ ಅಂಗೈಯನ್ನೂ ಮೂಸಿ ನೋಡುತ್ತಿದ್ದಳು. ಆಮೇಲೆ ನಿಜ ಹೇಳಿದವರ ಹೆಗಲ ಮೇಲೆ ಸೊಂಡಿಲು ಇಡುತ್ತಿದ್ದಳು. ಅಷ್ಟೇ ತೀರ್ಪು. ಅವಳು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ನೀಲವ್ವನ ಮಾವುತ ಜಡೆಯ ಎಂಬ ಹುಡುಗ. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ಅವನಿಗೆ ಬಂದಿತ್ತು. ಮಾವುತ ಆನೆಯ ಕುತ್ತಿಗೆಯ ಮೇಲೆ ಕೂತು, ಅದರ ಕಿವಿಗಳ ಹಿಂದೆ ಎರಡೂ ಕಾಲಿನ ಹೆಬ್ಬೆರಳು ಊರಿ ಆನೆಯನ್ನು ನಡೆಸುತ್ತಾನೆ. ಎಡಕ್ಕೆ ಒತ್ತಿದರೆ ಎಡಕ್ಕೆ, ಬಲಕ್ಕೆ ಒತ್ತಿದರೆ ಬಲಕ್ಕೆ. ಮಾವುತನ ಬಾಯಿ ಇರುವುದೇ ಕಾಲಿನಲ್ಲಿ ಎನ್ನಬೇಕು. ಅದಕ್ಕೇ ಮಣಿಘಟ್ಟದಲ್ಲಿ ಒಂದು ಕಟ್ಟಳೆ ಇತ್ತು. ತೀರ್ಪಿನ ಹೊತ್ತಿಗೆ ಮಾವುತ ಎರಡೂ ಕಾಲು ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂರಬೇಕು. ಆಗ ಆನೆ ಹೇಳಿದ್ದು ಆನೆಯ ಮಾತೇ ಆಗಿರುತ್ತದೆ. ಇನ್ನೊಂದು ಕಟ್ಟಳೆಯೂ ಇತ್ತು. ಆನೆಗೆ ಕೊಡುವ ಅನ್ನದ ಉಂಡೆಯಲ್ಲಿ ಮೊದಲ ತುತ್ತನ್ನು ಮಾವುತ ತಿನ್ನಬೇಕು. ಆಮೇಲೆಯೇ ಆನೆ ಬಾಯಿ ತೆರೆಯುತ್ತಿತ್ತು. ನೀಲವ್ವ ಜಡೆಯನ ಕೈಯಿಂದ ಬಿಟ್ಟು ಇನ್ನಾರ ಕೈಯಿಂದಲೂ ತಿನ್ನುತ್ತಿರಲಿಲ್ಲ.

ಜಡೆಯನ ತಾಯಿ ಕಾಳವ್ವ ಹೊಳೆಯಾಚೆಯ ಹಾಡಿಯಲ್ಲಿದ್ದಳು. ಬಿಡುವು ಸಿಕ್ಕಾಗ ಅವನು ಊರಿಗೆ ಹೋಗುತ್ತಿದ್ದ. ಕಾಳವ್ವ ಬೆಳಿಗ್ಗೆ ಎದ್ದ ಕೂಡಲೇ ಅಂಗಳ ಸಾರಿಸುವವಳು. ಒದ್ದೆ ಅಂಗಳದ ಮೇಲೆ ಮಗನ ಹೆಜ್ಜೆ ಮೂಡಿದ್ದು ಕಂಡರೆ, ಅವನ ಮುಖ ನೋಡುವ ಮೊದಲೇ ಒಲೆ ಮೇಲಿನ ಗಡಿಗೆಗೆ ಇನ್ನೊಂದು ಪಾವು ಹಿಟ್ಟು ಬೀಳುತ್ತಿತ್ತು.

ಆನೆಲಾಯಕ್ಕೆ ಒಬ್ಬ ಯಜಮಾನ. ಅವನಿಗೆ ಗಜಸಾಹಣಿ ಎನ್ನುತ್ತಿದ್ದರು. ಹೆಸರು ಮಂದಾರಕ. ದನಿ ಏರಿಸಿದವನಲ್ಲ, ಯಾರನ್ನೂ ಹೊಡೆದವನಲ್ಲ. ಲಾಯದ ಆಳುಗಳನ್ನೆಲ್ಲ ನನ್ನ ಮಕ್ಕಳೇ ಎನ್ನುತ್ತಿದ್ದ. ಮಕ್ಕಳಿಗೆ ಹಬ್ಬಕ್ಕೆ ಹೊಸ ಬಟ್ಟೆ ಕೊಡಿಸುವ ಅಪ್ಪ ಅವನಾಗಿರಲಿಲ್ಲ, ಅದು ಬೇರೆ ಮಾತು. ಅವನ ವಿಚಿತ್ರವೆಂದರೆ, ತನ್ನ ಒಳಮನೆ ಬಿಟ್ಟು ಹೊರಗೆ ಕಾಲೂರುತ್ತಿರಲಿಲ್ಲ. ಎಲ್ಲಿಗೆ ಹೋದರೂ ಪಲ್ಲಕ್ಕಿ. ಕಾಲುನೋವು ಎನ್ನುತ್ತಿದ್ದ. ಪಾಪ ಎಂದು ಜನ ನಂಬಿದ್ದರು.

ಒಂದು ದಿನ ಮಂದಾರಕ ಜಡೆಯನನ್ನು ಕರೆಸಿದ. ಹೊಸ್ತಿಲಾಚೆ ನಿಲ್ಲಿಸಿ ತಿನ್ನಲು ಬೆಲ್ಲ ಕೊಟ್ಟ, ತಾಯಿಯ ಆರೋಗ್ಯ ವಿಚಾರಿಸಿದ. ಆಮೇಲೆ ವಿಷಯಕ್ಕೆ ಬಂದ. ನಾಳೆ ಕುಂಬಾರಗಿತ್ತಿ ಹೊನ್ನಾಜಿಗೂ ಮಂದಾರಕನ ಭಾವಮೈದನಿಗೂ ಜೇಡಿಮಣ್ಣಿನ ಹೊಂಡದ ಬಗ್ಗೆ ನ್ಯಾಯವಿದೆಯಂತೆ. ಭಾವಮೈದ ಒಳ್ಳೆಯ ಮನುಷ್ಯನಂತೆ. ಆನೆಗೆ ವಯಸ್ಸಾಯಿತು, ತೀರ್ಪು ತಪ್ಪಬಹುದಂತೆ.

"ಒಂದು ಹೆಬ್ಬೆರಳು, ಜಡೆಯಾ," ಎಂದ ಮಂದಾರಕ. "ಕಾಲು ಮೇಲೆ ಎಳೆದುಕೋಬೇಡ, ಎಡ ಹೆಬ್ಬೆರಳು ಮೆತ್ತಗೆ ಒತ್ತು. ಆನೆಯ ಕಿವಿ ಅಷ್ಟು ದೊಡ್ಡದು. ಅದರ ಹಿಂದೆ ನಡೆದದ್ದನ್ನು ಯಾರಪ್ಪಾ ನೋಡ್ತಾರೆ?"

ಜಡೆಯನ ಬಾಯಲ್ಲಿದ್ದ ಬೆಲ್ಲ ನುಂಗಲಾರದ ತುತ್ತಾಯಿತು. ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ತಲೆ ತಗ್ಗಿಸಿಕೊಂಡು ಹೊರಗೆ ಬಂದ. ಕೂತು ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಕೊಂಡ. ಯಜಮಾನನ ಮಾತು ಮೀರಿದ ಹಾಗೂ ಆಗಬಾರದು, ಅನ್ಯಾಯ ಮಾಡಿದ ಹಾಗೂ ಆಗಬಾರದು. ಕಾಲನ್ನು ಕಿವಿಯ ಹಿಂದೆಯೇ ಬಿಡುತ್ತೇನೆ, ಆದರೆ ಒತ್ತುವುದಿಲ್ಲ. ನಡುವಿನ ದಾರಿ ಸಿಕ್ಕಿತೆಂದು ಅವನಿಗೆ ಸಮಾಧಾನವಾಯಿತು.

ಮರುದಿನ ಹೊನ್ನಾಜಿಯೂ ಮಂದಾರಕನ ಭಾವಮೈದನೂ ಹಸಿ ನೆಲದ ಮೇಲೆ ನಿಂತರು. ಹೊಂಡ ತನ್ನ ಅಜ್ಜಿಯ ಕಾಲದ್ದು ಎಂದು ಅವಳು ಹೇಳಿದಳು. ಅಲ್ಲವೆಂದು ಅವನು ಹೇಳಿದ. ನೀಲವ್ವ ಇಬ್ಬರ ಅಂಗೈಯನ್ನೂ ಮೂಸಿದಳು. ಜಡೆಯ ಒತ್ತಲಿಲ್ಲ, ದೇವರಾಣೆ ಒತ್ತಲಿಲ್ಲ. ಆದರೆ ಪಕ್ಕದ ಪಲ್ಲಕ್ಕಿಯಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಹೆದರಿಕೆಗೆ ಅವನ ಎಡ ಹೆಬ್ಬೆರಳು ನಡುಗಿತು. ಕಿವಿಯ ಹಿಂದೆ ಕೂತ ನೊಣವನ್ನೂ ಗುರುತಿಸುವ ಆನೆಗೆ ಆ ನಡುಕ ಅಪ್ಪಣೆಯ ಹಾಗೆ ಕೇಳಿಸಿತು. ನೀಲವ್ವ ಒಂದು ಕ್ಷಣ ತಡೆದಳು. ಮತ್ತೆ ನಡುಗಿತು. ಅವಳು ಎಡಕ್ಕೆ ಹೊರಳಿ ಮಂದಾರಕನ ಭಾವಮೈದನ ಹೆಗಲ ಮೇಲೆ ಸೊಂಡಿಲಿಟ್ಟಳು.

ಜನ ಜಯಕಾರ ಹಾಕಿದರು. ಹೊನ್ನಾಜಿ ಅಳಲಿಲ್ಲ. ಆನೆಯನ್ನು ನೋಡಲಿಲ್ಲ, ರಾಜನನ್ನೂ ನೋಡಲಿಲ್ಲ. ತಲೆಯೆತ್ತಿ ಜಡೆಯನನ್ನೇ ನೋಡಿ ಹೊರಟುಹೋದಳು. ಮಂದಾರಕ ಅವತ್ತು ಸಂಜೆ ಅವನ ಬೆನ್ನು ಸವರಿ, ನೀನು ನಮ್ಮವನು ಎಂದ.

ಜಡೆಯನಿಗೆ ಅನ್ನ ಸೇರಲಿಲ್ಲ. ಬಿಡುವು ಕೇಳಿಕೊಂಡು ಊರಿಗೆ ಹೋದ. ಕಾಳವ್ವ ಹೊರಗೆ ಬಂದು ಒದ್ದೆ ಅಂಗಳ ನೋಡಿದಳು. ಹಿಮ್ಮಡಿ ಮೂಡಿತ್ತು, ಅಂಗಾಲು ಮೂಡಿತ್ತು, ಉಳಿದ ಬೆರಳುಗಳೂ ಮೂಡಿದ್ದವು. ಎಡಗಾಲಿನ ಹೆಬ್ಬೆರಳ ಗುರುತು ಮಾತ್ರ ಇರಲಿಲ್ಲ. ಅವನ ಕಾಲು ನೋಡಿದಳು. ಹೆಬ್ಬೆರಳು ಇದ್ದಲ್ಲೇ ಇತ್ತು.

"ಬೆರಳಿನ ಗುರುತ ಎಲ್ಲಿ ಬಿಟ್ಟು ಬಂದ್ಯೋ ಮಗಾ?" ಎಂದಳು.

ಜಡೆಯ ಎಲ್ಲವನ್ನೂ ಹೇಳಿಕೊಂಡು ಅತ್ತ. ಇನ್ನು ಅಲ್ಲಿಗೆ ಹೋಗುವುದಿಲ್ಲ, ಜೇನು ಕುಯ್ದಾದರೂ ಬದುಕುತ್ತೇನೆ ಎಂದ. ಕಾಳವ್ವನಿಗೆ ಮಗ ಬೇಕಿತ್ತು. ಇಲ್ಲೇ ಇರು ಎನ್ನಲು ಅವಳ ಬಾಯಿಯೂ ತುಡಿಯಿತು. ಆದರೆ ಬೇರೆಯೇ ಮಾತು ಆಡಿದಳು.

"ನೀನು ಬಿಟ್ಟು ಬರಬೌದು. ಆದ್ರೆ ನೀಲವ್ವ ಬಿಟ್ಟು ಬರಕ್ಕಾಯ್ತದಾ? ಅವಳ ಕಿವಿ ಹಿಂದೆ ನಾಳೆ ಇನ್ನೊಬ್ಬನ ಕಾಲು ಇರ್ತದೆ. ಅವನು ನಡುಗಾದೂ ಇಲ್ಲ, ನೇರ ಒತ್ತತಾನೆ."

ಜಡೆಯ ಮರಳಿ ಹೋದ. ಈ ಸಲ ಅವನು ನೆಲ ನೋಡಿಕೊಂಡು ಹೋದ. ಲಾಯದ ಕೆಸರಿನಲ್ಲಿ ಆನೆಗಳ ಹೆಜ್ಜೆ ಇತ್ತು, ಅವನದೂ ಇತ್ತು. ಲಾಯದಲ್ಲಿ ಅಷ್ಟು ಜನ ಆಳುಗಳು ಓಡಾಡುತ್ತಿದ್ದರು, ಅವರ ಯಾರ ಹೆಜ್ಜೆಯೂ ಇರಲಿಲ್ಲ. ಹಿರಿಯ ಮಾವುತ ಸಣ್ಣೀರಪ್ಪ ಕೆಸರಿನಲ್ಲಿ ನಡೆದು ಬಂದ. ಅವನ ಹಿಂದೆ ಕೆಸರು ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗಿತ್ತು.

ಜಡೆಯ ಕೇಳಿದ್ದಕ್ಕೆ ಸಣ್ಣೀರಪ್ಪ ಮೊದಲು ಸಿಡುಕಿದ. ಆಮೇಲೆ ದನಿ ತಗ್ಗಿಸಿ ಹೇಳಿದ. ಸಾಹಣಿ ಹೇಳಿದ ಕೆಟ್ಟ ಕೆಲಸ ಒಂದೊಂದು ಮಾಡಿದಂತೆಲ್ಲ ಹೆಜ್ಜೆ ಒಂದಿಷ್ಟು ಅಳಿಯುತ್ತದಂತೆ. ಪೂರ್ತಿ ಅಳಿದವನನ್ನು ಊರಿನ ದಾರಿ ಗುರುತು ಹಿಡಿಯುವುದಿಲ್ಲವಂತೆ. "ನಾನೂ ಹೋಗಿ ನೋಡ್ದೆ ಕಣಪ್ಪ," ಎಂದ. "ಎತ್ತ ಹೊರಟರೂ ದಾರಿ ಸುತ್ತಿ ಬಳಸಿ ಈ ಲಾಯದ ಬಾಗಿಲಿಗೇ ತಂದು ಬಿಡ್ತದೆ. ನನ್ನ ಮಗಳು ಈಗ ಎಷ್ಟೆತ್ತರ ಆಗವಳೋ ನಂಗೊತ್ತಿಲ್ಲ. ಹೊಟ್ಟೆಪಾಡು ಅಂತ ಮಾಡ್ದೆ. ನೀನೂ ಮಾಡ್ತೀಯ."

ಕಾಳವ್ವ ಬೆಳಿಗ್ಗೆ ಬೆಳಿಗ್ಗೆ ಅಂಗಳ ನೋಡುತ್ತಾ ನಿಲ್ಲುವುದು ಜಡೆಯನ ಕಣ್ಣಿಗೆ ಕಟ್ಟಿತು.

ಸ್ವಲ್ಪ ದಿನಕ್ಕೆ ಮಂದಾರಕ ಮತ್ತೆ ಕರೆಸಿದ. ಈಗ ಭಾವಮೈದನಿಗೆ ಅಂಬಿಗರ ದೋಣಿಗಳು ಬೇಕಾಗಿದ್ದವು. ಜಡೆಯ ಬೆಲ್ಲ ಮುಟ್ಟಲಿಲ್ಲ. ಆಗುವುದಿಲ್ಲ ಧಣಿ ಎಂದ. ಮಂದಾರಕ ನಕ್ಕು, ಯೋಚನೆ ಮಾಡು ಎಂದು ಕಳಿಸಿದ. ನ್ಯಾಯದ ದಿನ ಜಡೆಯ ಎಲ್ಲರಿಗೂ ಕಾಣುವಂತೆ ಎರಡೂ ಕಾಲು ಮೇಲೆಳೆದುಕೊಂಡು ಪಾದಗಳನ್ನು ಕೈಯಲ್ಲಿ ಹಿಡಿದು ಕೂತ. ನೀಲವ್ವ ಒಂದಿಷ್ಟೂ ತಡಮಾಡದೆ ಅಂಬಿಗನ ಹೆಗಲ ಮೇಲೆ ಸೊಂಡಿಲಿಟ್ಟಳು.

ಅವತ್ತಿನಿಂದ ಜಡೆಯನ ಗ್ರಹಚಾರ ಕೆಟ್ಟಿತು. ಲದ್ದಿ ಎತ್ತುವ ಕೆಲಸ ಅವನೊಬ್ಬನ ಪಾಲಿಗೇ ಬಂತು. ಉಗ್ರಾಣದಲ್ಲಿ ಬೆಲ್ಲ ಕಡಿಮೆಯಾದರೆ ಅವನ ತಲೆಗೆ ಕಟ್ಟಿದರು. ಯಾವುದೋ ಆನೆ ಸರಪಳಿ ಕಿತ್ತುಕೊಂಡರೆ ಆ ಗೂಬೆಯನ್ನೂ ಅವನ ಮೇಲೆಯೇ ಕೂರಿಸಿದರು. ಮದವೇರಿದ ಸಲಗ ಕಟ್ಟಿದ ಮೂಲೆಗೆ ಅವನ ಚಾಪೆ ಹೋಯಿತು. ನಿನ್ನೆಯವರೆಗೆ ಒಂದೇ ತಟ್ಟೆಯಲ್ಲಿ ಉಂಡವರು ಅವನನ್ನು ಕಂಡರೆ ಮುಖ ತಿರುಗಿಸಿದರು. ಇದಕ್ಕೆಲ್ಲ ಮಂದಾರಕ ಒಂದು ಮಾತೂ ಆಡಿರಲಿಲ್ಲ. ಅವನ ಹುಬ್ಬು ಕುಣಿದರೆ ಸಾಕು, ಉಳಿದದ್ದನ್ನು ಇವರೇ ಮಾಡುತ್ತಿದ್ದರು. ಜಡೆಯನಿಗೆ ಸಿಟ್ಟು ಬಂತು, ಅಳು ಬಂತು. ಆಮೇಲೆ ಎರಡೂ ಬರುವುದು ನಿಂತಿತು. ನೀಲವ್ವನಿಗೆ ಉಂಡೆ ಕೊಡುವ ಹೊತ್ತು ಮಾತ್ರ ಅವನದಾಗಿ ಉಳಿದಿತ್ತು. ಅದನ್ನು ಅವರು ಕಿತ್ತುಕೊಳ್ಳುವಂತಿರಲಿಲ್ಲ. ಅವನನ್ನು ಓಡಿಸಿದರೆ ಆನೆ ಉಪವಾಸ ಬೀಳುತ್ತಿತ್ತು, ಆಗ ರಾಜ ಕಾರಣ ಕೇಳುತ್ತಿದ್ದ.

ಓಡಿಸಲಾಗದವನನ್ನು ಸಾವಿನ ಬಾಯಿಗೆ ಕಳಿಸಿದರಾಯಿತು ಎಂದು ಮಂದಾರಕ ಯೋಚಿಸಿದ. ಸತ್ತವನ ಆನೆ ನಾಲ್ಕು ದಿನ ಹಸಿದು, ಆಮೇಲೆ ಯಾರ ಕೈಯಿಂದಲಾದರೂ ತಿನ್ನುತ್ತದೆ.

ಮೊದಲು ಊಳಿಡುವ ಬಿದಿರು ಮೆಳೆಯಿಂದ ಸೊಪ್ಪು ತರಲು ಕಳಿಸಿದ. ಅಲ್ಲಿಗೆ ಹೋದವರು ಬಂದದ್ದಿಲ್ಲ. ಜಡೆಯ ಬುತ್ತಿ ಕಟ್ಟಿಕೊಂಡು ಹೋದ. ಬಿದಿರು ನಿಜವಾಗಿಯೂ ಊಳಿಡುತ್ತಿತ್ತು. ಅದರೊಳಗಿಂದ ಒಂದು ಹುಲಿ ಹೊರಗೆ ಬಂತು. ಜಡೆಯನಿಗೆ ಓಡಬೇಕೆನ್ನಿಸಿತು. ಆದರೆ ನೆಲ ನೋಡುವುದು ಈಗ ಅವನಿಗೆ ಅಭ್ಯಾಸವಾಗಿತ್ತು. ಹುಲಿ ಹಸಿ ಮಣ್ಣಿನ ಮೇಲೆ ನಡೆದು ಬಂದರೂ ಒಂದು ಪಂಜದ ಗುರುತೂ ಮೂಡಿರಲಿಲ್ಲ. ಇದು ಹುಲಿಯಲ್ಲ, ಲಾಯದವನು ಎಂದು ಅವನಿಗೆ ಹೊಳೆಯಿತು. ಅವನು ಬುತ್ತಿ ಬಿಚ್ಚಿ, ಉಂಡೆ ಮುರಿದು, ಮೊದಲ ತುತ್ತು ತಾನು ತಿಂದು ಉಳಿದದ್ದನ್ನು ಮುಂದಿಟ್ಟ.

"ಉಣ್ಣಣ್ಣ," ಎಂದ. "ನೀನು ಏನು ಮಾಡಿದ್ದೆ?"

ಹುಲಿ ಉಂಡಿತು. ಉಂಡು ಮನುಷ್ಯರ ದನಿಯಲ್ಲಿ ಮಾತಾಡಿತು. ಅದು ಮಂದಾರಕನ ಒಳಮನೆಯ ಕಾವಲುಗಾರನಾಗಿತ್ತು. "ನಾನು ಕೈಯಾರೆ ಏನೂ ಮಾಡ್ಲಿಲ್ಲ. ಕಂಡದ್ದನ್ನ ಕಂಡಿಲ್ಲ ಅಂದೆ, ಅಷ್ಟೇ. ನೆಲದ ಮೇಲಿನ ಹೆಜ್ಜೆ ಅಳಿದ ಮೇಲೂ ಹಾಗೇ ಅಂತಾ ಹೋದೆ. ಕೊನೆಗೆ ರೂಪವೂ ಹೋಯ್ತು." ಅಳಿದ ಹೆಜ್ಜೆಗಳೆಲ್ಲ ಎಲ್ಲಿ ಹೋಗುತ್ತವೆ ಎಂದು ಜಡೆಯ ಕೇಳಿದ. ಒಳಮನೆಯ ಮಣ್ಣುನೆಲದಲ್ಲಿವೆ ಎಂದಿತು ಹುಲಿ. ಜಡೆಯ ಸೊಪ್ಪಿನ ಹೊರೆ ಹೊತ್ತು ಲಾಯಕ್ಕೆ ಬಂದ. ತಡವಾಯಿತೆಂದು ಅವನ ಅಂದಿನ ಅನ್ನದ ಪಡಿ ಕಡಿದರು.

ಎರಡನೆಯ ಸಲ ಕಪ್ಪು ಮಡುವಿನಿಂದ ಆನೆಗೆ ತಾವರೆಗೆಡ್ಡೆ ತರಲು ಕಳಿಸಿದ. ಮಡುವಿನ ದಡದಲ್ಲಿ ಮೊಸಳೆ ಮಲಗಿತ್ತು. ಅದು ಹರಿದಾಡಿದ ರಾಡಿಯಲ್ಲಿ ಬಾಲ ಎಳೆದ ಗೆರೆಯೂ ಇರಲಿಲ್ಲ. ಜಡೆಯ ಉಂಡೆ ಮುರಿದ, ಮೊದಲ ತುತ್ತು ತಿಂದ, ಉಳಿದದ್ದನ್ನು ಮುಂದಿಟ್ಟ. ನೀವು ಏನು ಮಾಡಿದ್ದಿರಿ ಎಂದು ಕೇಳಿದ. ಅದು ಹೆಣ್ಣುದನಿಯಲ್ಲಿ ಮಾತಾಡಿತು. ಲಾಯದ ಅಡುಗೆಯವಳಾಗಿದ್ದಳಂತೆ. ಮಂದಾರಕ ಒಂದು ಪುಡಿ ಕೊಟ್ಟು ಬೇರೊಂದು ಆನೆಯ ಅನ್ನಕ್ಕೆ ಕಲಸು ಎಂದನಂತೆ. "ಏನು ಪುಡಿ ಅಂತ ಕೇಳ್ಲಿಲ್ಲ ಮಗಾ. ಹೇಳಿದಷ್ಟು ಮಾಡೋಳು ನಾನು ಅಂತ ಅನ್ಕೊಂಡೆ. ಆ ಆನೆ ಸತ್ತೋಯ್ತು." ಅವಳ ಕಣ್ಣಲ್ಲಿ ನೀರಿತ್ತು. ಮೊಸಳೆಯ ಕಣ್ಣೀರು ಎಂದು ಯಾರಾದರೂ ನಗಬಹುದು, ಜಡೆಯ ನಗಲಿಲ್ಲ. ಮಂದಾರಕನ ಗುಟ್ಟು ಹೇಳಿದವಳು ಅವಳೇ. ಅವನು ಮಾಯೆ ಕಲಿಯುವಾಗ ತನ್ನ ಹೆಜ್ಜೆಯನ್ನೇ ಒಬ್ಬ ಯಕ್ಷನಿಗೆ ಮಾರಿಕೊಂಡಿದ್ದಾನೆ. ಅವನನ್ನು ಭೂಮಿ ಹೊರುವುದಿಲ್ಲ. ಅದಕ್ಕೇ ಮಂದಿಯ ಹೆಜ್ಜೆ ಕದ್ದು ಒಳಮನೆಯ ನೆಲ ಮಾಡಿಕೊಂಡಿದ್ದಾನೆ, ಅದರ ಮೇಲೆಯೇ ನಡೆಯುತ್ತಾನೆ. ಕಾಲುನೋವು ಎಂಬುದು ಸುಳ್ಳು.

ಮೂರನೆಯ ಸಲ ಬೋಳುಗುಡ್ಡದ ಕಾಡಾನೆಯನ್ನು ಹಗ್ಗವಿಲ್ಲದೆ ಹಿಡಿದು ತಾ ಎಂದು ಕಳಿಸಿದ. ಆ ಆನೆಯನ್ನು ಕಂಡಾಗ ಜಡೆಯ ಎಲ್ಲಕ್ಕಿಂತ ಹೆಚ್ಚು ಹೆದರಿದ. ಗುಡ್ಡದಷ್ಟು ಎತ್ತರದ ಸಲಗ. ಧೂಳಿನಲ್ಲಿ ಗುರುತಿಲ್ಲದೆ ನಡೆದು ಬಂದು ಅವನ ಮುಂದೆ ನಿಂತಿತು. ಜಡೆಯ ಉಂಡೆ ಮುರಿದ, ಮೊದಲ ತುತ್ತು ತಿಂದ. ಸಲಗ ಬಾಯಿ ತೆರೆಯಲಿಲ್ಲ.

"ಬೇಡ," ಎಂದಿತು. "ನಾನೂ ಮಾವುತ. ಬೇರೆ ಬೇರೆ ಆನೆಗಳ ಕಿವಿಯ ಹಿಂದೆ ಬದುಕೆಲ್ಲ ಸುಳ್ಳು ಒತ್ತಿದೆ. ಅವು ನನ್ನನ್ನು ನಂಬಿದ್ದವು. ಈಗ ನನಗೇ ಆನೆಯ ಮೈ ಬಂದಿದೆ, ಈ ಕಿವಿಯ ಹಿಂದೆ ಯಾರ ಕಾಲೂ ಇಲ್ಲ. ನಿನ್ನ ಬೆರಳ ಗುರುತೂ ಹೋಗಿದೆಯಲ್ಲ. ನೀನು ಏನು ಮಾಡಿದೆ?"

ಇಷ್ಟು ದಿನ ಕೇಳುತ್ತಿದ್ದವನು ಈಗ ಹೇಳಬೇಕಾಯಿತು. ಜಡೆಯ ಬಾಯಿ ತೆರೆದ. ನಾನು ಒತ್ತಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡ.

"ಕಾಲು ಎತ್ತಬೇಕಿತ್ತು," ಎಂದ. "ಎತ್ತಲಿಲ್ಲ. ಹೊನ್ನಾಜಿಯ ಹೊಂಡ ಹೋಯ್ತು."

ಸಲಗ ಆಗ ಬಾಯಿ ತೆರೆದು ಉಂಡೆ ತೆಗೆದುಕೊಂಡಿತು. ಈ ಮಾತನ್ನು ಹಸಿ ನೆಲದ ಮೇಲೆ ನಿಂತು ಹೇಳು ಎಂದಿತು. ನೆಲದ ಮೇಲೆ ಒಬ್ಬ ನಿಜ ಹೇಳಿದರೆ ಸಾಲದು, ಆನೆಯ ಮೇಲೆ ಕೂತವನೂ ಕಾಲೆತ್ತಬೇಕು, ಅದು ನಿನ್ನ ಕೈಯಲ್ಲಿಲ್ಲ ಎಂದೂ ಹೇಳಿತು. ಜೊತೆಗೆ ಬರಲು ಕರೆದರೆ ತಲೆಯಾಡಿಸಿ ಗುಡ್ಡ ಹತ್ತಿಹೋಯಿತು.

ಜಡೆಯ ಬರಿಗೈಯಲ್ಲಿ ಬಂದರೂ ಬದುಕಿ ಬಂದದ್ದು ಕಂಡು ಮಂದಾರಕ ತನ್ನ ವರಸೆ ಬದಲಿಸಿದ. ಈ ಸಲ ಹೊಸ್ತಿಲಾಚೆ ನಿಲ್ಲಿಸದೆ ಒಳಮನೆಗೇ ಕರೆದ. ನೆಲದ ತುಂಬ ಹೆಜ್ಜೆಗಳು. ದೊಡ್ಡವು, ಸಣ್ಣವು, ಹಿಮ್ಮಡಿ ಒಡೆದವು. ಮಂದಾರಕ ಒಂದೊಂದನ್ನೇ ಮೆಟ್ಟಿಕೊಂಡು ಓಡಾಡುತ್ತಾ ಮಾತಾಡಿದ. ನಾಳೆ ಹೊನ್ನಾಜಿ ಮತ್ತೆ ದೂರು ತರುತ್ತಾಳಂತೆ. ತೀರ್ಪನ್ನೇ ಸುಳ್ಳು ಅನ್ನುವವಳನ್ನು ರಾಜ್ಯದಿಂದ ಆಚೆ ಅಟ್ಟಬೇಕಂತೆ. ಒತ್ತಿದರೆ ಜಡೆಯ ಕಿರಿಯ ಸಾಹಣಿ, ಅವನಿಗೂ ಪಲ್ಲಕ್ಕಿ, ತಾಯಿಗೆ ಹೆಂಚಿನ ಮನೆ. ಜಡೆಯ ಅದನ್ನು ಕೇಳುತ್ತಿದ್ದನೋ ಇಲ್ಲವೋ. ಗೋಡೆಯ ಬದಿಯಲ್ಲಿ ಒಂದು ಒಂಟಿ ಹೆಬ್ಬೆರಳ ಗುರುತಿತ್ತು. ಅದರ ಸುತ್ತ ಅವನ ಪಾದದಷ್ಟೇ ಜಾಗ ಖಾಲಿ ಬಿಟ್ಟಿತ್ತು.

ಮರುದಿನ ಅಂಗಳ ಹಸಿಯಾಯಿತು. ಹೊನ್ನಾಜಿ ಬಂದು ನಿಂತಳು. ಮೊದಲಿಗಿಂತ ಸೊರಗಿದ್ದಳು. ಹೊಂಡ ಹೋದ ಮೇಲೆ ಅವಳ ಗಡಿಗೆ ಮಾಡುವ ತಿಗುರಿ ತಿರುಗಿರಲಿಲ್ಲ. ಆನೆ ಹೇಳಿದ್ದು ಸುಳ್ಳು ಎಂದು ಅವಳು ಹೇಳಿದಾಗ ಜನ ಗೊಳ್ಳೆಂದು ನಕ್ಕರು. ರಾಜ ಬೇಸರದಿಂದ ಕೈಯೆತ್ತಿದ. ಆಗ ಜಡೆಯ ನೀಲವ್ವನ ಕುತ್ತಿಗೆಯಿಂದ ಕೆಳಗಿಳಿದ.

ತೀರ್ಪಿನ ನಡುವೆ ಮಾವುತ ಇಳಿದದ್ದನ್ನು ಮಣಿಘಟ್ಟದಲ್ಲಿ ಯಾರೂ ನೋಡಿರಲಿಲ್ಲ. ನಗು ನಿಂತಿತು. ಅವನು ಹೊನ್ನಾಜಿಯ ಪಕ್ಕದಲ್ಲಿ ಹಸಿ ನೆಲದ ಮೇಲೆ ನಿಂತ. ಒಂದು ಹೆಜ್ಜೆ ಹಿಂದೆ ಸರಿದು, ಹೆಬ್ಬೆರಳು ಮೂಡದ ತನ್ನ ಪಾದದ ಗುರುತನ್ನು ರಾಜನಿಗೆ ತೋರಿಸಿದ.

"ಮಹಾಸ್ವಾಮಿ, ಅವತ್ತು ತೀರ್ಪು ಹೇಳಿದ್ದು ನೀಲವ್ವ ಅಲ್ಲ, ಈ ಬೆರಳು. ಸಾಹಣಿಯವರು ಒತ್ತು ಅಂದರು. ನಾನು ಕಾಲು ಎತ್ತಲಿಲ್ಲ. ತಪ್ಪು ನನ್ನದೂ ಹೌದು. ನೀಲವ್ವನೇ ಹೇಳಲಿ."

ಪಲ್ಲಕ್ಕಿಯಲ್ಲಿದ್ದ ಮಂದಾರಕ ಮುಗುಳ್ನಕ್ಕ. ಮಗು ಬಿಸಿಲಲ್ಲಿ ತಿರುಗಿ ತಲೆ ಕೆಡಿಸಿಕೊಂಡಿದೆ ಎಂದ. ಆನೆಯನ್ನೇ ಕೇಳೋಣ ಎಂದೂ ಒಪ್ಪಿಕೊಂಡ. ತನಗೆ ಕಾಲುನೋವು, ಇಲ್ಲಿಂದಲೇ ಅಂಗೈ ಚಾಚುತ್ತೇನೆ ಎಂದ. ರಾಜ ಅದಕ್ಕೂ ಹೂಂಗುಟ್ಟಿದ. ಆಮೇಲೆ ಮಂದಾರಕ ಸಣ್ಣೀರಪ್ಪನ ಕಡೆ ನೋಡಿ, ನೀನು ಹತ್ತಪ್ಪ ಎಂದು ಹುಬ್ಬು ಕುಣಿಸಿದ. ಆ ಹುಬ್ಬಿನ ಅರ್ಥ ಲಾಯದವರಿಗೆಲ್ಲ ಗೊತ್ತಿತ್ತು.

ಸಣ್ಣೀರಪ್ಪ ಹತ್ತಿ ಕೂತ. ಅವನ ಕಾಲು ನೀಲವ್ವನ ಕಿವಿಗಳ ಹಿಂದೆ ಇಳಿಯಿತು. ಜಡೆಯ ಕೆಳಗಿನಿಂದ ಅವನನ್ನು ನೋಡಿದ. ನೀಲವ್ವ ಜಡೆಯನ ಅಂಗೈ ಮೂಸಿದಳು. ಪಲ್ಲಕ್ಕಿಯಿಂದ ಚಾಚಿದ ಅಂಗೈಯನ್ನೂ ಮೂಸಿದಳು. ಸಣ್ಣೀರಪ್ಪನ ಮುಖ ಬೆವರಿತ್ತು. ಅವನು ಅಂಗಳದಾಚೆ, ಊರಿನ ಕಡೆಯ ದಾರಿಯತ್ತ ನೋಡಿದ. ಆಮೇಲೆ, ಮುದಿ ಕೀಲುಗಳು ನೋಯುತ್ತಿದ್ದರೂ, ಒಂದು ಕಾಲು ಮೇಲೆಳೆದುಕೊಂಡ. ಇನ್ನೊಂದನ್ನೂ ಎಳೆದುಕೊಂಡ. ಎಲ್ಲರಿಗೂ ಕಾಣುವಂತೆ ಎರಡೂ ಪಾದ ಕೈಯಲ್ಲಿ ಹಿಡಿದು ಕೂತ.

ನೀಲವ್ವ ಜಡೆಯನ ಹೆಗಲ ಮೇಲೆ ಸೊಂಡಿಲಿಟ್ಟಳು. ಹೊನ್ನಾಜಿಯ ಹೆಗಲ ಮೇಲೂ ಇಟ್ಟಳು. ಆಮೇಲೆ ಯಾರೂ ಹೇಳದೆ ಪಲ್ಲಕ್ಕಿಯ ಹತ್ತಿರ ಹೋಗಿ, ಮಲಗಿದ ಕೂಸನ್ನು ಎತ್ತುವಂತೆ ಮಂದಾರಕನನ್ನು ಮೆತ್ತಗೆ ಎತ್ತಿ, ಹಸಿ ನೆಲದ ಮೇಲೆ ನಿಲ್ಲಿಸಿದಳು.

ಅವನು ಮೊದಲ ಸಲ ಕಿರುಚಿದ. ನೆಲ ಅವನನ್ನು ಹೊರಲಿಲ್ಲ. ಅವನ ಕಾಲಡಿ ಒಂದು ಗುರುತೂ ಮೂಡಲಿಲ್ಲ. ಅವನು ಹಗುರಾದ, ಇನ್ನೂ ಹಗುರಾದ. ಕಣದಲ್ಲಿ ತೂರಿದ ಹೊಟ್ಟು ಹಾರಿಹೋಗುವಂತೆ, ಸುಳಿದ ಒಂದು ಗಾಳಿಗೆ ಹಾರಿಹೋದ. ರೇಷ್ಮೆ ರುಮಾಲು ಮಾತ್ರ ಕೆಳಗೆ ಬಿತ್ತು.

ಅದೇ ಹೊತ್ತಿಗೆ ಕಾಡಿನಲ್ಲಿ ಹುಲಿಯ ಮೈ ಕಳಚಿತು, ಮಡುವಿನಲ್ಲಿ ಮೊಸಳೆಯ ಮೈ ಕಳಚಿತು, ಗುಡ್ಡದ ಮೇಲೆ ಸಲಗದ ಮೈಯೂ ಕಳಚಿತು. ಮೂವರೂ ಮನುಷ್ಯರಾಗಿ ದಾರಿ ಹಿಡಿದು ಬಂದರು. ಆದರೆ ಯಾರ ಹೆಜ್ಜೆಯೂ ತಾನಾಗಿ ಮರಳಲಿಲ್ಲ. ಹೆಜ್ಜೆಗಳು ಒಳಮನೆಯ ನೆಲದಲ್ಲೇ ಇದ್ದವು. ಯಾರ ಹೆಜ್ಜೆಯೋ ಅವರು ಅದರ ಮಣ್ಣನ್ನು ಕೆತ್ತಿ ಎತ್ತಿಕೊಂಡು, ತಾವು ಕೆಡುಕು ಮಾಡಿದವರ ಮನೆಬಾಗಿಲಿಗೆ ಹೋಗಿ ನಿಲ್ಲಬೇಕಾಯಿತು. ಕೆಲವರನ್ನು ಬೇಗ ಒಳಗೆ ಕರೆದರು. ಕೆಲವರು ಬಹಳ ದಿನ ಜಗಲಿಯ ಕೆಳಗೇ ನಿಂತರು. ಸತ್ತ ಆನೆಗೆ ಬಾಗಿಲಿರಲಿಲ್ಲ. ಆ ಅಡುಗೆಯವಳು ಅದರ ಮರಿಯನ್ನು ಸಾಕುತ್ತಾ ಲಾಯದಲ್ಲೇ ಉಳಿದಳು.

ರಾಜ ಪೃಥುಕೇತು ಸಿಂಹಾಸನದಿಂದ ಇಳಿದು ಹಸಿ ನೆಲದ ಮೇಲೆ ನಿಂತ. ಇಷ್ಟು ದಿನ ನಾನು ಆನೆಯನ್ನು ನೋಡಿದೆ, ಆನೆಯ ಮೇಲೆ ಕೂತವನ ಕಾಲನ್ನು ನೋಡಲಿಲ್ಲ ಎಂದು ಎಲ್ಲರ ಮುಂದೆ ಹೇಳಿದ. ಹೊನ್ನಾಜಿಗೆ ಹೊಂಡ ಮರಳಿಸಿದ. ಜಡೆಯನನ್ನು ಸಾಹಣಿ ಮಾಡುತ್ತೇನೆಂದ. ಜಡೆಯ ಒಲ್ಲೆ ಎಂದು ಬೇರೊಂದು ವರ ಕೇಳಿದ. ಇನ್ನು ಮುಂದೆ ಮಣಿಘಟ್ಟದಲ್ಲಿ ಕೆಟ್ಟ ಕೆಲಸ ಹೇಳಿಸಿಕೊಂಡ ಯಾವ ಆಳಾದರೂ ಕೆಳಗಿಳಿದು ನಿಲ್ಲಬಹುದು, ಇಳಿದವನ ಅನ್ನಕ್ಕೆ ಯಾರೂ ಕೈ ಹಾಕಬಾರದು ಎಂದ. ರಾಜ ಅದನ್ನು ಕಟ್ಟಳೆ ಮಾಡಿದ. ಸಾಹಣಿಯ ಪಟ್ಟ ಸಣ್ಣೀರಪ್ಪನಿಗೆ ಬಂತು. ಅವನು ಮೊದಲು ಮಾಡಿದ ಕೆಲಸವೆಂದರೆ ಪಲ್ಲಕ್ಕಿಯನ್ನು ಒಡೆದು ಒಲೆಗೆ ಹಾಕಿದ್ದು.

ಜಡೆಯ ತನ್ನ ಹೆಬ್ಬೆರಳಿನ ಗುರುತಿದ್ದ ಹಿಡಿ ಮಣ್ಣನ್ನು ಎಲೆಯಲ್ಲಿ ಕಟ್ಟಿಕೊಂಡು ಹೊನ್ನಾಜಿಯ ಬಾಗಿಲಿಗೆ ಹೋದ. ಅವಳು ಎಲೆ ಬಿಚ್ಚಿ ಆ ಮಣ್ಣನ್ನು ತನ್ನ ಜೇಡಿಮಣ್ಣಿನ ರಾಶಿಗೆ ಸುರಿದು ನೀರು ಹೊಯ್ದಳು.

"ತುಳಿ," ಎಂದಳು.

ಗಡಿಗೆ ಮಾಡುವ ಮಣ್ಣನ್ನು ಕುಂಬಾರರು ಕಾಲಲ್ಲಿ ತುಳಿದು ಹದ ಮಾಡುತ್ತಾರೆ. ಜಡೆಯ ತುಳಿದ. ಬೆಳಿಗ್ಗೆ ನೀಲವ್ವನಿಗೆ ಉಂಡೆ ಕೊಟ್ಟು ಬಂದು ತುಳಿದ, ಮರುದಿನವೂ ಬಂದ, ಅದರ ಮರುದಿನವೂ ಬಂದ. ಕಾಲು ಬಾತುಕೊಂಡಿತು. ಹೊನ್ನಾಜಿ ತಿಗುರಿಯ ಮುಂದೆ ಕೂತು ತನ್ನ ಕೆಲಸ ಮಾಡುತ್ತಿದ್ದಳು. ಒಂದು ದಿನ ಮಣ್ಣು ತೆಗೆದುಕೊಳ್ಳಲು ಬಗ್ಗಿದವಳು ಹಾಗೆಯೇ ನಿಂತಳು. ಮಣ್ಣಿನ ಮೇಲೆ ಎಡಗಾಲಿನ ಹೆಜ್ಜೆ ಮೂಡಿತ್ತು, ಹೆಬ್ಬೆರಳ ಸಮೇತ.

"ಸಾಕು ಬಿಡಪ್ಪ," ಎಂದಳು. "ಕಾಲು ತೊಳ್ಕೊ. ಉಂಡು ಹೋಗು."

ಅವತ್ತು ಜಡೆಯ ಅವಳ ಮನೆಯಲ್ಲಿ ಉಂಡ. ಮರುದಿನ ಬೆಳಿಗ್ಗೆ ಹೊಳೆ ದಾಟಿ ಊರಿಗೆ ಹೋದ. ಕಾಳವ್ವ ಅಂಗಳ ಸಾರಿಸಿ ಒಳಗೆ ಹೋಗಿದ್ದಳು. ಮಗನ ದನಿ ಕೇಳಿ ಹೊರಗೆ ಬಂದವಳು ಮೊದಲು ನೆಲ ನೋಡಿದಳು. ಹೆಬ್ಬೆರಳೂ ಮೂಡಿತ್ತು. ಒಳಗೆ ಹೋಗಿ ಒಲೆ ಮೇಲಿನ ಗಡಿಗೆಗೆ ಇನ್ನೊಂದು ಪಾವು ಹಿಟ್ಟು ಹಾಕಿದಳು.

ಮಣಿಘಟ್ಟದವರೆಲ್ಲ ಆಮೇಲೆ ಸುಖವಾಗಿ ಬಾಳಿದರು. ನೀಲವ್ವ ಮುದುಕಿಯಾಗುವವರೆಗೂ ನ್ಯಾಯ ಹೇಳಿದಳು. ಕಾಳವ್ವ ಮಾತ್ರ ಮಗ ಬಂದ ಮರುದಿನ ಅಂಗಳ ಸಾರಿಸುವಾಗ, ಎಡಗಾಲಿನ ಆ ಒಂದು ಹೆಜ್ಜೆಯನ್ನು ಬಿಟ್ಟು ಸುತ್ತಲೂ ಸಾರಿಸಿದಳು.